ಹವಳದ ವಾದಕ್ಕೆ ಅಜ್ಜಿಯ ರೊಟ್ಟಿ

“ಇಪ್ಪತ್ತೇಳು ತುಂಬಿದ್ವು, ಇನ್ಯಾವಾಗ ಮದವಿ, ಯಾವಾಗ ಮಕ್ಕಳು?” ನವನಗರದ ನಮ್ಮ ಮನೆಗೆ ಬಂದಿದ್ದ ಇಳಕಲ್ಲಿನ ಅತ್ತೆ ಊಟಕ್ಕೆ ಕೂತಲ್ಲೇ ನನ್ನನ್ನು ಕೇಳಿದರು. ಪಿಎಚ್‌ಡಿ ಮುಗಿಯುವವರೆಗೆ ಮದುವೆ ಬೇಡವೆಂಬುದು ನನ್ನ ಹಟ; ಚರ್ಚಾಸ್ಪರ್ಧೆಯ ಚಟ ಬೇರೆ. “ಅತ್ತಿ, ಸಮುದ್ರದಾಗ ಹವಳಕ್ಕ ವಯಸ್ಸು ಲೆಕ್ಕಕ್ಕಿಲ್ರಿ. ಮೈ ಸಾಕಷ್ಟು ಬೆಳೆದ ಮ್ಯಾಲೆ ತತ್ತಿ. ಹಳೇ ಹವಳನೂ ಮುರಿದು ಸಣ್ಣ ಚೂರಾದ್ರ, ಮತ್ತ ಬೆಳಿಯೂತನಕ ತತ್ತಿ ಬಂದ್!” ಎಂದೆ.

ಅತ್ತೆ ಬಾಯಿ ತೆರೆಯುವ ಮೊದಲೇ ಅಜ್ಜಿ ನನ್ನ ತಾಟಿಗೆ ಇನ್ನೊಂದು ರೊಟ್ಟಿ, ಅದರ ಮೇಲೆ ಬೆಣ್ಣೆ ಹಾಕಿದಳು. “ಹಂಗಾರ ಉಣ್ಣ, ಲಗೂ ಬೆಳಿ.” ಎಲ್ಲರೂ ನಕ್ಕರು. ಚರ್ಚೆಯಲ್ಲಿ ಬಹುಮಾನದ ಕಪ್‌ಗಳನ್ನು ಗೆದ್ದವಳು ರೊಟ್ಟಿಗೆ ಸೋತೆ.

ಈಗ ವರನ ಕಡೆಯವರ ಫೋನ್ ಬಂದರೆ ಅಜ್ಜಿಯೇ ಎತ್ತುತ್ತಾಳೆ. “ಅಕಿ ಇನ್ನೂ ಬೆಳೀಬೇಕ್ರಿ” ಎಂದು ನನ್ನತ್ತ ಕಣ್ಣು ಹೊಡೆದು ಫೋನ್ ಇಟ್ಟುಬಿಡುತ್ತಾಳೆ.