ರುಚಿ ನೋಡಿದ್ದೂ ಲೆಕ್ಕಕ್ಕೆ

ಓಣಿಯವರೆಲ್ಲ ಆಕೆಯನ್ನು ಕೇಕಮ್ಮ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಬೇಕರಿ. ಕೇಕಿನ ಮೇಲೆ ಕ್ರೀಮಿನಲ್ಲಿ ಹೆಸರು ಬರೆಯುವುದರಲ್ಲಿ ಆಕೆಯದು ಎತ್ತಿದ ಕೈ. ಆದರೆ ಈಚೆಗೆ ಕಣ್ಣಿಗೆ ಪೊರೆ ಬಂದು ಅಕ್ಷರಗಳು ಒಂದರ ಮೇಲೊಂದು ಹತ್ತತೊಡಗಿದ್ದವು. ಹೀಗೇ ಆದರೆ ಬೇಕರಿಗೆ ಬಾಗಿಲು ಹಾಕಬೇಕಾಗುತ್ತಿತ್ತು. ಕಣ್ಣಿನ ಡಾಕ್ಟರೋ, ರಕ್ತದ ಸಕ್ಕರೆ ಹತೋಟಿಗೆ ಬರದೆ ಆಪರೇಷನ್ ಇಲ್ಲ ಎಂದು ಪಟ್ಟು ಹಿಡಿದಿದ್ದರು.

ಕೇಕಮ್ಮನಿಗೆ ಇದು ಶುದ್ಧ ಅನ್ಯಾಯ ಎನಿಸಿತ್ತು. ಪರೀಕ್ಷೆಗೆ ರಕ್ತ ಕೊಡುವ ಎರಡು ದಿನ ಮುಂಚಿನಿಂದಲೇ ಆಕೆ ಹೊಟ್ಟೆ ಕಟ್ಟುತ್ತಿದ್ದಳು. ಖಾಲಿ ಹೊಟ್ಟೆಯ ಸಕ್ಕರೆ ನೂರ ಹತ್ತು ದಾಟುತ್ತಿರಲಿಲ್ಲ. ಈ ಸಲ ಸಕ್ಕರೆ ಡಾಕ್ಟರು ಇನ್ನೊಂದು ಪರೀಕ್ಷೆಯನ್ನೂ ಮಾಡಿಸಿದರು, ಎಚ್‌ಬಿಎ1ಸಿ ಅಂತೆ. ಒಂಬತ್ತೂವರೆ ಬಂತು.

"ಏಳರ ಹತ್ತಿರ ಇರ್ಬೇಕಿತ್ತಮ್ಮ. ರಕ್ತದ ಕಣಕ್ಕೆ ಅಂಟಿದ ಸಕ್ಕರೆ ಆ ಕಣ ಇರೋವರೆಗೂ ಬಿಡಲ್ಲ, ಹೆಚ್ಚುಕಮ್ಮಿ ಮೂರು ತಿಂಗಳು. ಎರಡು ದಿನ ಉಪವಾಸ ಇದ್ದು ಇದನ್ನ ಏಮಾರಿಸೋಕಾಗಲ್ಲ. ಸಿಹಿ ತಿಂತೀರಾ?"

"ಒಂದು ತುಂಡೂ ಮುಟ್ಟಲ್ಲ ಡಾಕ್ಟ್ರೇ."

"ತಿನ್ನಲ್ಲ, ನಿಜ," ಎಂದಳು ಜೊತೆಗೆ ಬಂದಿದ್ದ ಸೊಸೆ ಮೆಲ್ಲಗೆ. "ರುಚಿ ನೋಡ್ತಾರೆ. ಪ್ರತಿ ಪಾತ್ರೆ ಕ್ರೀಮೂ, ಪಾಕಾನೂ."

ಕೇಕಮ್ಮ ಸೊಸೆಯನ್ನು ನುಂಗುವ ಹಾಗೆ ನೋಡಿದಳು. ರುಚಿ ನೋಡುವುದು ಕೆಲಸ. ಅದನ್ನು ತಿನ್ನುವುದೆಂದು ಯಾವ ಬೇಕರಿಯವರು ತಾನೇ ಎಣಿಸುತ್ತಾರೆ? ಆದರೆ ದಾರಿಯುದ್ದಕ್ಕೂ ಒಂದು ದಿನದ ಚಮಚಗಳನ್ನು ಮನಸ್ಸಿನಲ್ಲೇ ಕೂಡಿಸುತ್ತ ಬಂದವಳ ಲೆಕ್ಕ ಒಂದು ಬಟ್ಟಲು ದಾಟಿತು. ಸೊಸೆ ಹಾಕಿದ ಉಪ್ಪನ್ನೂ ನಂಬದವಳು, ಮನೆ ಮುಟ್ಟಿದ್ದೇ ತಡ, ರುಚಿ ನೋಡುವ ಚಮಚವನ್ನು ಅವಳ ಕೈಗಿಟ್ಟಳು.

"ಇನ್ಮೇಲೆ ನಿನ್ನ ನಾಲಿಗೆ. ನಾನೇ ಕೇಳಿದ್ರೂ ಕೊಡ್ಬೇಡ."

ಸೊಸೆ ಕೊಡಲಿಲ್ಲ. ಕೇಕಮ್ಮ ಚಡಪಡಿಸಿದಳು, ಸಿಡುಕಿದಳು. ಒಮ್ಮೆಯಂತೂ ಕ್ರೀಮು ಮೆತ್ತಿದ ಬೆರಳನ್ನು ತುಟಿಯವರೆಗೆ ಒಯ್ದು, ಹಲ್ಲು ಕಚ್ಚಿ, ನಲ್ಲಿಯ ಕೆಳಗೆ ಹಿಡಿದಳು. ಹೊತ್ತುಹೊತ್ತಿಗೆ ಉಂಡಳು, ಮಾತ್ರೆ ತಪ್ಪಿಸಲಿಲ್ಲ. ಮೂರು ತಿಂಗಳ ನಂತರದ ಪರೀಕ್ಷೆಗೆ ಹೊಟ್ಟೆ ಕಟ್ಟಲೂ ಇಲ್ಲ. ಹಿಂದಿನ ರಾತ್ರಿ ಎಂದಿನಂತೆ ಉಂಡೇ ಮಲಗಿದಳು.

ಖಾಲಿ ಹೊಟ್ಟೆಯದು ನೂರ ಮೂವತ್ತು. ಮೊದಲಿಗಿಂತ ಜಾಸ್ತಿಯೇ. ಸೊಸೆಯ ಮುಖ ಬಾಡಿತು. ಡಾಕ್ಟರು ಕೆಳಗಿನ ಸಾಲು ತೋರಿಸಿದರು: ಏಳೂವರೆ.

"ಮೇಲಿನದು ಇವತ್ತು ಬೆಳಗ್ಗೆದು ಮಾತ್ರ. ಇದು ಮೂರು ತಿಂಗಳದ್ದು. ಆಪರೇಷನ್ ಮಾಡಿಸ್ಕೊಳ್ಳಿ."

ಕೇಕಮ್ಮ ಸೊಸೆಯ ತೋಳು ಹಿಡಿದು ಡಾಕ್ಟರ ಮುಂದಿನ ಕುರ್ಚಿಯಲ್ಲಿ ಕೂರಿಸಿದಳು.

"ಇವಳಿಗೂ ಈ ಪರೀಕ್ಷೆ ಮಾಡಿ ಡಾಕ್ಟ್ರೇ. ಮೂರು ತಿಂಗಳಿಂದ ನನ್ನ ಪಾಲಿನ ಸಕ್ಕರೇನೂ ಇವಳೇ ತಿಂದಿದ್ದಾಳೆ."