ಹಕ್ಕಲ ಹತ್ತಿ ಮತ್ತು ನನ್ನ ಒಂಬತ್ತು ಕಲಮುಗಳು

ನನಗೆ ಶಿಕ್ಷೆಯ ಮೇಲೆ ನಂಬಿಕೆ ಹುಟ್ಟಿದ್ದು ನಿವೃತ್ತಿಯಾದ ಮೇಲೆ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದೆ, ಒಬ್ಬ ಹುಡುಗನಿಗೂ ಹೊಡೆಯಲಿಲ್ಲ. ಬೀಳ್ಕೊಡುವ ದಿನ ಎಲ್ಲರೂ ಇದನ್ನು ನನ್ನ ಕರುಣೆ ಎಂದು ಹೊಗಳಿದರು. ನಿಜ ಸಂಗತಿ ಬೇರೆ. ನೌಕರಿಯ ಮೊದಲ ವರ್ಷವೇ ಒಬ್ಬನಿಗೆ ಛಡಿ ಏಟು ಕೊಡಲು ಹೋದಾಗ ಅವನು ಕೈ ಹಿಂದೆಳೆದುಕೊಂಡ, ಛಡಿ ನನ್ನ ಮೊಣಕಾಲಿಗೇ ಬಡಿಯಿತು, ಇಡೀ ವರ್ಗ ನಕ್ಕಿತು. ಅಂದಿನಿಂದ ನಾನು ಅಹಿಂಸಾವಾದಿಯಾದೆ.

ನವಲಗುಂದದ ಹತ್ತಿರದ ನಮ್ಮೂರಿಗೆ ಮರಳಿ ಬಂದ ಮೇಲೆ ಬೆಳಿಗ್ಗೆ ಪೇಪರು ಹಿಡಿದು ಮನೆಯ ಮುಂದಿನ ಕಟ್ಟೆಯ ಮೇಲೆ ಕೂಡುವುದೇ ಕೆಲಸವಾಯಿತು. ಓದಿದ ಪ್ರತಿ ಅಪರಾಧಕ್ಕೂ ಅಲ್ಲೇ ತೀರ್ಪು ಕೊಡುತ್ತಿದ್ದೆ. ಸರ ಕಿತ್ತವನಿಗೆ ಹತ್ತು ವರ್ಷ, ಎಣ್ಣೆಯಲ್ಲಿ ಕಲಬೆರಕೆ ಮಾಡಿದವನಿಗೆ ಜೀವಾವಧಿ. ಚಹಾ ಬರುವಷ್ಟರಲ್ಲಿ ಇಬ್ಬರು ಮೂವರನ್ನಾದರೂ ಗಲ್ಲಿಗೇರಿಸಿರುತ್ತಿದ್ದೆ. ಶಿಕ್ಷೆ ಜಬರದಸ್ತ್ ಇದ್ದರೆ ಅಪರಾಧ ತಾನಾಗಿಯೇ ಇಳಿಯುತ್ತದೆ ಎನ್ನುವುದು ನನ್ನ ಸಿದ್ಧಾಂತ. ಅದನ್ನು ಒಪ್ಪದವರಿಗೂ ಮನಸ್ಸಿನಲ್ಲೇ ಒಂದಿಷ್ಟು ಶಿಕ್ಷೆ ವಿಧಿಸುತ್ತಿದ್ದೆ.

ಹಳೆಯ ದಂಡಸಂಹಿತೆ ಹೋಗಿ ಹೊಸ ನ್ಯಾಯಸಂಹಿತೆ ಜಾರಿಗೆ ಬಂದ ವರ್ಷ ನನ್ನ ಸಿಟ್ಟಿಗೆ ಮಿತಿಯೇ ಇರಲಿಲ್ಲ. ಸಣ್ಣ ಕಳವು, ಮೊದಲನೇ ಸಲ, ಕದ್ದ ಮಾಲು ಮರಳಿಸಿದ್ದಾನೆ ಎಂದರೆ ಜೈಲಿಲ್ಲ, ಸಮುದಾಯ ಸೇವೆ ಮಾಡಿಸಿ ಬಿಡುತ್ತಾರೆ ಎಂದು ಪೇಪರಿನಲ್ಲಿ ಬಂದಿತ್ತು. ಕಸ ಗುಡಿಸಿದರೆ ಕಳ್ಳ ಸುಧಾರಿಸುತ್ತಾನೆಯೇ, ಇದನ್ನು ಶಿಕ್ಷೆ ಎನ್ನುತ್ತಾರೆಯೇ ಎಂದು ಕಟ್ಟೆಯ ಮೇಲಿಂದಲೇ ಭಾಷಣ ಶುರು ಮಾಡಿದೆ. ಅಂಗಳದಲ್ಲಿದ್ದ ನನ್ನ ಹೆಂಡತಿ ಕೈಯಲ್ಲಿದ್ದ ಕಸಬರಿಗೆ ನಿಲ್ಲಿಸಿ ಕೇಳಿಸಿಕೊಂಡಳು.

“ಕಸಾ ಹೊಡಿಯೂದು ಶಿಕ್ಷಾ ಅಂತ ನಂಗ ಗೊತ್ತ ಇರಲಿಲ್ಲ ನೋಡ್ರಿ,” ಎಂದಳು. “ನಲವತ್ತ ವರ್ಷಾತು, ದಿನಾ ಹೊಡಿಯಾಕತ್ತೇನಿ. ಏನ್ ತಪ್ಪ ಮಾಡಿದ್ನೋ ಏನೋ.”

ನಾನು ಪೇಪರಿನ ಕ್ರೀಡಾ ಪುಟ ತೆರೆದೆ.

ನನ್ನ ಸಿದ್ಧಾಂತಕ್ಕೆ ಅವಕಾಶ ಸಿಕ್ಕಿದ್ದು ದೀಪಾವಳಿ ಮುಗಿದ ವಾರ. ಊರ ಪಡುವಣ ದಿಕ್ಕಿನ ಕಪ್ಪು ಎರಿ ಮಣ್ಣಿನ ಹೊಲಗಳಲ್ಲಿ ಯಾರೋ ಟೆಂಪೊ ತಂದು, ಒಡೆದು ನಿಂತ ಹತ್ತಿಯನ್ನು ಬೆಳಗಾಗುವಷ್ಟರಲ್ಲಿ ಬಿಡಿಸಿಕೊಂಡು ಹೋಗಿದ್ದರು. ನಾಲ್ಕು ಹೊಲ ಬೋಳಾಗಿದ್ದವು. ಊರವರೆಲ್ಲ ಗುಡಿಯಲ್ಲಿ ಕೂಡಿದರು. ಪೊಲೀಸರಿಗೆ ಹೇಳಿಯಾಗಿತ್ತು, ಅವರು ಬಂದು ಟೆಂಪೊದ ಗಾಲಿಯ ಗುರುತು ನೋಡಿ ಹೋಗಿದ್ದರು. ಇನ್ನು ಊರಿನವರೇ ಏನಾದರೂ ಕಟ್ಟುಪಾಡು ಮಾಡಿಕೊಳ್ಳಬೇಕು, ಮಾಸ್ತರರು ಓದಿದವರು, ಅವರೇ ಬರೆದುಕೊಡಲಿ ಎಂದರು. ಬೇಡ ಬೇಡ ಎಂದು ಎರಡು ಸಲ ಅಂದೆ. ಮೂರನೇ ಸಲ ಅನ್ನುವಷ್ಟರಲ್ಲಿ ಅವರು ಬೇರೆಯವರನ್ನು ಕೇಳಿಬಿಟ್ಟಾರು ಎಂದು ಹೆದರಿ ಒಪ್ಪಿಕೊಂಡೆ.

ಎರಡು ದಿನ ಕೂತು ಒಂಬತ್ತು ಕಲಮು ಬರೆದೆ. ನೀಲಿ ಶಾಯಿಯಲ್ಲಿ ಕಲಮು, ಕೆಂಪು ಶಾಯಿಯಲ್ಲಿ ಅಡಿಗೆರೆ. ಮೂರನೆಯ ಕಲಮಿನಲ್ಲಿ ಕಳವು ಎಂದರೇನು ಎಂದು ಬರೆದಿದ್ದೆ: ಅನ್ಯರ ಹೊಲದಲ್ಲಿ ಬೆಳೆದ ಯಾವುದೇ ಮಾಲನ್ನು, ಅದು ಎಷ್ಟೇ ಅಲ್ಪವಾಗಿರಲಿ, ಒಯ್ದರೆ ಕಳವು. ಐದನೆಯದು ಶಿಕ್ಷೆ: ಸಿಕ್ಕವರನ್ನು ಒಂದು ತಿಂಗಳು ಊರಲ್ಲಿ ಯಾರೂ ಕೂಲಿಗೆ ಕರೆಯಬಾರದು. ಆರನೆಯದರ ಪ್ರಕಾರ ಅವರ ಹೆಸರನ್ನು ಸೋಮವಾರ ಗುಡಿಯ ಮೈಕಿನಲ್ಲಿ ಓದಬೇಕು. ಏಳನೆಯದು ನನಗೆ ಎಲ್ಲಕ್ಕಿಂತ ಪ್ರೀತಿಯದು. ಹೊಲದ ಯಜಮಾನನೇ ಕ್ಷಮಿಸಿದರೂ ಶಿಕ್ಷೆ ತಪ್ಪದು ಎಂದು ಬರೆದಿದ್ದೆ. ನಮ್ಮ ಮಂದಿಗೆ ಹೋಗಲಿ ಬಿಡ್ರಿ ಅನ್ನುವ ರೋಗವಿದೆ, ಅದರಿಂದಲೇ ದೇಶ ಹಾಳಾಗಿದೆ ಎಂದು ಅದರ ಮೇಲೆ ಅರ್ಧ ತಾಸು ಮಾತಾಡಿದೆ. ಎಲ್ಲರೂ ತಲೆಯಾಡಿಸಿದರು. ಕೆಲವರು ತೂಕಡಿಸುತ್ತಿದ್ದರೋ ಏನೋ, ನಾನದನ್ನೂ ಒಪ್ಪಿಗೆಯೆಂದೇ ಎಣಿಸಿದೆ.

ಒಂದು ಮಾತು ಮಾತ್ರ ಬರೆಯುವುದನ್ನು ಮರೆತಿದ್ದೆ. ಅಲ್ಲಿದ್ದವರಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ನಮ್ಮ ಕಡೆ ಹೊಲದ ಯಜಮಾನ ಕೊನೆಯ ಸಲ ಹತ್ತಿ ಬಿಡಿಸಿಕೊಂಡ ಮೇಲೆ ಗಿಡದಲ್ಲಿ ಹಿಂದುಳಿದದ್ದು, ನೆಲಕ್ಕೆ ಉದುರಿದ್ದು ಹಕ್ಕಲು ಎನಿಸಿಕೊಳ್ಳುತ್ತದೆ. ಅದನ್ನು ಆಯ್ದುಕೊಳ್ಳುವುದು ಆ ಹೊಲದಲ್ಲಿ ದುಡಿದ ಹೆಣ್ಣುಮಕ್ಕಳ ಪಾಲು. ಯಾರನ್ನೂ ಕೇಳಬೇಕಿಲ್ಲ. ಹತ್ತಿ, ಜೋಳ, ಶೇಂಗಾ, ಎಲ್ಲದಕ್ಕೂ ಹೀಗೇ. ಉಣ್ಣಲು ಕೂತವನು ತನ್ನ ತಾಟಿಗೆ ಕೈ ಹಾಕಬಹುದು ಎಂದು ಯಾರೂ ಕಲಮು ಬರೆಯುವುದಿಲ್ಲವಲ್ಲ, ಹಾಗೆ ಇದನ್ನೂ ಯಾರೂ ಎಂದೂ ಬರೆದವರಲ್ಲ. ನಾನು ಕಳವನ್ನು ಬರೆದೆ, ಹಕ್ಕಲನ್ನು ಬಿಟ್ಟೆ.

ಹೊಲ ಕಾಯಲು ಒಬ್ಬನನ್ನು ನೇಮಿಸಿದೆವು. ನಲವತ್ತರ ಆಸುಪಾಸಿನವನು, ಹಳೆಯ ಮೋಟರ್‌ಸೈಕಲ್ಲು, ದೊಡ್ಡ ಬ್ಯಾಟರಿ, ಇನ್ನೂ ದೊಡ್ಡ ಮೀಸೆ. ಒಂದು ತಿಂಗಳು ಸುತ್ತಿದರೂ ಟೆಂಪೊದವರು ಅವನ ಕಣ್ಣಿಗೆ ಬೀಳಲಿಲ್ಲ. ನೌಕರಿ ಉಳಿಯಬೇಕಾದರೆ ಯಾರಾದರೂ ಸಿಗಲೇಬೇಕಲ್ಲ. ಹತ್ತಿ ಬಿಡಿಸುವುದು ಮುಗಿಯುತ್ತ ಬಂದಂತೆ ಅವನಿಗೆ ಸಿಗತೊಡಗಿದರು. ಮೊದಲ ವಾರ ಮೂವರು, ಮುಂದಿನ ವಾರ ಐವರು. ಎಲ್ಲರೂ ಹೆಂಗಸರು. ನಾನೇ ಗೆರೆ ಎಳೆದುಕೊಟ್ಟಿದ್ದ ಪಟ್ಟಿಯಲ್ಲಿ ಹೆಸರು, ಯಾರ ಹೊಲ, ಏನು ಮಾಲು ಎಂದು ಅವನು ಬರೆದುಕೊಂಡು ಬರುತ್ತಿದ್ದ. ಮಾಲಿನ ಕೆಳಗೆ ಪ್ರತಿ ಸಲವೂ ‘ಹತ್ತಿ, ಒಂದು ಉಡಿ’ ಎಂದಿರುತ್ತಿತ್ತು. ಸೀರೆಯ ಉಡಿಯಲ್ಲಿ ಎಷ್ಟು ಹತ್ತಿ ಹಿಡಿಸುತ್ತದೆ ಎಂದು ಒಮ್ಮೆ ಯೋಚಿಸಿದ್ದರೂ ಸಾಕಿತ್ತು. ಯೋಚಿಸಲಿಲ್ಲ. ಪಟ್ಟಿ ಉದ್ದವಾದಷ್ಟೂ ನನ್ನ ಎದೆ ಉಬ್ಬುತ್ತಿತ್ತು. ಇಷ್ಟು ದಿನ ಅಪರಾಧವೆಲ್ಲ ಮುಚ್ಚಿಹೋಗಿತ್ತು, ಕಟ್ಟುನಿಟ್ಟು ಬಂದೊಡನೆ ಬಯಲಾಯಿತು ನೋಡ್ರಿ ಎಂದು ಕಿರಾಣಿ ಅಂಗಡಿಯ ಮುಂದೆ ನಿಂತು ಹೇಳುತ್ತಿದ್ದೆ.

ಮನೆಯಲ್ಲಿ ಹೆಂಡತಿ ಬೇರೆ ಲೆಕ್ಕ ಹೇಳಿದಳು. “ಮೊದಲ ಊರಾಗ ಒಬ್ಬ ಕಳ್ಳ ಇದ್ದ, ಅಂವಾ ಸಿಕ್ಕಿರಲಿಲ್ಲ. ಈಗ ಎಂಟ ಮಂದಿ ಕಳ್ಳರ ಸಿಕ್ಕಾರ. ಅಂವಾ ಇನ್ನೂ ಸಿಕ್ಕಿಲ್ಲ.”

ಅದು ಹಾಸ್ಯ ಎಂದುಕೊಂಡು ನಕ್ಕುಬಿಟ್ಟೆ.

ಒಂಬತ್ತನೆಯ ಹೆಸರು ಬಂದ ದಿನ ನಗು ನಿಂತಿತು. ನಮ್ಮ ಹೊಲದಲ್ಲಿ ಇಪ್ಪತ್ತೆರಡು ವರ್ಷದಿಂದ ಹತ್ತಿ ಬಿಡಿಸುತ್ತಿದ್ದಾಕೆಯ ಹೆಸರು ಅದು. ನನಗಿಂತ ನಾಲ್ಕೈದು ವರ್ಷ ಹಿರಿಯಳು, ನಾನು ಆಕೆಗೆ ಅಕ್ಕಾ ಎನ್ನುತ್ತೇನೆ. ಯಾರ ಹೊಲ ಎಂಬಲ್ಲಿ ಕಾವಲುಗಾರ ನನ್ನದೇ ಹೆಸರು ಬರೆದಿದ್ದ. ಊರಲ್ಲೆಲ್ಲ ಹಿಡಿಯುತ್ತಿದ್ದಾರೆಂದು ಕೇಳಿ ಆಕೆ ಬೇರೆ ಯಾರ ಹೊಲಕ್ಕೂ ಹೋಗಿರಲಿಲ್ಲ. ಮಾಸ್ತರರ ಹೊಲದಲ್ಲಿ ಯಾರು ಕೇಳುತ್ತಾರೆ ಎಂದು ನಮ್ಮಲ್ಲಿಗೆ ಬಂದಿದ್ದಳು. ಕೊನೆಯ ಹತ್ತಿಯನ್ನು ಆಕೆಯೇ ಬಿಡಿಸಿ ನಮ್ಮ ಮನೆಗೆ ಹಾಕಿ ಮೂರು ದಿನವಾಗಿತ್ತು.

ಭಾನುವಾರ ಮುಂಜಾನೆ ಮನೆಗೆ ಬಂದಳು. ಕಟ್ಟೆಯ ಮೇಲೆ ಕೂಡು ಎಂದರೂ ಕೂಡಲಿಲ್ಲ. ಕಳವು ಮಾಡಿಲ್ಲ ಎಂದು ವಾದಿಸಲೂ ಇಲ್ಲ, ವಾದಿಸಿದ್ದರೆ ನನಗೆ ಸುಲಭವಾಗುತ್ತಿತ್ತು. “ಕೆಲಸ ಬ್ಯಾಡಂದ್ರ ಬ್ಯಾಡ್ರಿ ಮಾಸ್ತರ, ಬಾಜು ಊರಿಗಿ ಹೊಕ್ಕೇನಿ. ಮೈಕಿನ್ಯಾಗ ನನ್ನ ಹೆಸರಷ್ಟ ಓದಬ್ಯಾಡ್ರಿ. ಬರೂ ಬುಧವಾರ ಮೊಮ್ಮಗಳನ್ನ ನೋಡಾಕ ಅಣ್ಣಿಗೇರಿ ಕಡಿಯವರು ಬರಾವ್ರದಾರ. ಅವರ ಬೀಗರು ಈ ಊರಾಗ ಅದಾರ್ರಿ.”

ಆಗ ನಾನು ಪಟ್ಟಿ ಹರಿದು ಒಲೆಗೆ ಹಾಕಬೇಕಿತ್ತು. ಹಾಕಲಿಲ್ಲ. ಏಳನೆಯ ಕಲಮು ಅಡ್ಡ ಬಂತು. ಯಜಮಾನ ಕ್ಷಮಿಸಿದರೂ ಶಿಕ್ಷೆ ತಪ್ಪದು ಎಂದು ಬರೆದ ಯಜಮಾನ ನಾನೇ. ಹಿಂದಿನ ಎರಡು ಸೋಮವಾರ ಎಂಟು ಮಂದಿಯ ಹೆಸರು ಓದಿ ಈಗ ನನ್ನ ಹೊಲದವಳದನ್ನು ಬಿಟ್ಟರೆ ಊರಲ್ಲಿ ಏನಂದಾರು? ತತ್ತ್ವ, ನ್ಯಾಯ, ಎಲ್ಲರಿಗೂ ಒಂದೇ ಅಳತೆ ಎಂದು ಏನೇನೋ ಆಕೆಗೆ ತಿಳಿಸಿ ಹೇಳಿದೆ. ಪಾಠ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆಕೆ ಪೂರ್ತಿ ಕೇಳಿ, ಆತು ಬಿಡ್ರಿ ಎಂದು ಹೋದಳು. ಇದನ್ನು ತತ್ತ್ವ ಎಂದು ಆಗ ಕರೆದೆ. ಈಗ ಹೇಳುತ್ತೇನೆ, ಅದು ಪುಕ್ಕಲುತನ.

ಸೋಮವಾರ ಗುಡಿಗೆ ಹೋಗುವಾಗ ಒಂದು ಉಪಾಯ ಹೊಳೆಯಿತು. ಆ ವಾರ ಸಿಕ್ಕ ಬೇರೆಯವರ ಹೆಸರುಗಳ ನಡುವೆ ಆಕೆಯದನ್ನು ಸೇರಿಸಿ, ಸಣ್ಣ ದನಿಯಲ್ಲಿ, ಗಡಿಬಿಡಿಯಿಂದ ಓದಿಬಿಟ್ಟರೆ ಕಲಮೂ ಉಳಿಯಿತು, ಆಕೆಯ ಮಾನವೂ ಉಳಿಯಿತು. ಹಾಗೆಯೇ ಓದಿದೆ. ಮೈಕಿನ ಗುಂಡಿ ಆರಿಸಬೇಕು, ಅಷ್ಟರಲ್ಲಿ ಹೊರಗೆ ಕಟ್ಟೆಯ ಮೇಲಿದ್ದ ಕಾವಲುಗಾರ ಒಳಗೆ ಇಣುಕಿದ.

“ಸರ, ನಡಬರಕಿನ ಹೆಸರು ಮಂದಿಗೆ ತಿಳೀಲಿಲ್ಲಂತ್ರಿ. ಇನ್ನೊಮ್ಮೆ ಜರಾ ಜೋರಾಗಿ ಓದ್ರಿ.”

ಮೈಕು ಇನ್ನೂ ಚಾಲೂ ಇತ್ತು. ಅವನ ಮಾತೂ ಊರಿಗೆಲ್ಲ ಕೇಳಿಸಿತ್ತು. ಇನ್ನೊಮ್ಮೆ ಓದಿದೆ, ಜೋರಾಗಿ, ಬಿಡಿಸಿ ಬಿಡಿಸಿ, ಹಾಜರಿ ಕರೆಯುವ ದನಿಯಲ್ಲಿ. ಆ ಇಡೀ ಹಂಗಾಮಿನಲ್ಲಿ ಎರಡು ಸಲ ಓದಲ್ಪಟ್ಟ ಹೆಸರು ಆಕೆಯದೊಂದೇ.

ಮರುದಿನದಿಂದ ನಮ್ಮ ಹೊಲಕ್ಕೆ ಆಳು ಬರುವುದು ನಿಂತಿತು. ಹತ್ತಿಯ ಸಾಲಿನ ನಡುವೆ ಮೆಣಸಿನಕಾಯಿ ಹಾಕಿದ್ದೆವು, ಕೆಂಪಗೆ ಹಣ್ಣಾಗಿ ನಿಂತಿತ್ತು. ಒಬ್ಬಾಕೆಗೆ ಸೊಂಟ ನೋವು, ಇನ್ನೊಬ್ಬಾಕೆಯ ಮನೆಗೆ ಬೀಗರು, ಮತ್ತೊಬ್ಬಾಕೆ ಕಾರಣವನ್ನೇ ಹೇಳಲಿಲ್ಲ. ಕಡೆಗೆ ನಾನೂ ಹೆಂಡತಿಯೂ ಬಿಡಿಸಲು ಹೋದೆವು. ಅರ್ಧ ಸಾಲು ಮುಗಿಯುವಷ್ಟರಲ್ಲಿ ಬೆವರು ಒರೆಸಲು ಹೋಗಿ ಅದೇ ಕೈಯಿಂದ ಕಣ್ಣು ಮುಟ್ಟಿಕೊಂಡೆ. ಬದುವಿನ ಮೇಲೆ ಕೂತು ಸಣ್ಣ ಮಗುವಿನಂತೆ ಅತ್ತೆ. ಹೆಂಡತಿ ಕೊಡದಲ್ಲಿದ್ದ ನೀರು ಕಣ್ಣಿಗೆ ಸುರಿದಳು. ಉರಿ ಇಳಿದ ಮೇಲೂ ಸ್ವಲ್ಪ ಹೊತ್ತು ಅತ್ತೆ. ಅದು ಮೆಣಸಿನಕಾಯಿಯದಲ್ಲ ಎಂದು ಅವಳಿಗೆ ತಿಳಿದಿತ್ತು.

ಉಳಿದ ರೈತರದೂ ಇದೇ ಪಾಡು. ಊರ ಆಳುಗಳಲ್ಲಿ ಕೆಲವರು ನನ್ನ ಐದನೆಯ ಕಲಮಿನಲ್ಲಿ ಸಿಕ್ಕಿದ್ದರು, ಉಳಿದವರು ಅವರ ಜೊತೆಗೇ ಟಂಟಂ ರಿಕ್ಷಾ ಏರಿ ಬೇರೆ ಊರಿಗೆ ಹೋಗುತ್ತಿದ್ದರು. ಮೆಣಸಿನಕಾಯಿ ಗಿಡದಲ್ಲೇ ಒಣಗಿ ಉದುರತೊಡಗಿದಾಗ ಗುಡಿಯಲ್ಲಿ ಮತ್ತೆ ಸಭೆ ಸೇರಿತು. ಒಂಬತ್ತು ಕಲಮು ರದ್ದು ಮಾಡಲು ಐದು ನಿಮಿಷವೂ ಹಿಡಿಯಲಿಲ್ಲ. ಧರ್ಮ, ನ್ಯಾಯದ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಧಾರವಾಡದಲ್ಲಿ ವಕೀಲಿ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಗೆ ಆಮೇಲೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಊರೆಲ್ಲ ಸೇರಿ ಹೀಗೆ ಒಬ್ಬರ ಕೂಲಿ ತಪ್ಪಿಸುವುದೇ ಅಪರಾಧವಾಗುತ್ತದೆ ಸರ್ ಎಂದಳು, ಪಾಪ, ಬಹಳ ಮರ್ಯಾದೆಯಿಂದ. ಅಂದರೆ ಆ ವರ್ಷ ನಮ್ಮೂರಲ್ಲಿ ಗುರುತು ಸಿಕ್ಕ ಅಪರಾಧಿ ನಾನೊಬ್ಬನೇ.

ಹತ್ತಿಯ ಕಳವು ನಿಂತಿತೇ ಎಂದು ಕೇಳುವವರಿದ್ದಾರೆ. ನಿಂತಿತು. ಹೊಲದಲ್ಲಿ ಹತ್ತಿಯೇ ಉಳಿದಿರಲಿಲ್ಲ.

ಸಭೆಯ ಮರುದಿನ ಆಕೆಯ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆಕೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಒಳಗಿನಿಂದ ಮೊಮ್ಮಗಳು ನೀರು ತಂದಿಟ್ಟು, ನನ್ನ ಮುಖ ನೋಡದೆ ಹೋದಳು. ನವಲಗುಂದದ ಹೈಸ್ಕೂಲಿಗೆ ಬರುತ್ತಿದ್ದಾಗ ಎಂಟನೆಯ ವರ್ಗದಲ್ಲಿ ನಾನೇ ಕಲಿಸಿದ ಹುಡುಗಿ. ತಪ್ಪಾಯಿತು ಎಂದೆ. ಕಟ್ಟುಪಾಡು ತೆಗೆದಿದ್ದೇವೆ ಎಂದೆ. ಆಕೆ ಮೊರ ಕೆಳಗಿಡಲಿಲ್ಲ. ಇಷ್ಟು ಸಾಲದು ಅನಿಸಿತು ನನಗೆ. ಸೋಮವಾರ ನಾನೇ ಮೈಕಿನಲ್ಲಿ ಹೇಳುತ್ತೇನೆ, ಈಕೆ ಕದ್ದಿರಲಿಲ್ಲ, ತಪ್ಪು ನನ್ನದು ಎಂದು ಊರೆಲ್ಲ ಕೇಳುವ ಹಾಗೆ ಹೇಳುತ್ತೇನೆ ಎಂದೆ. ಹೇಳುವಾಗ ನನಗೇ ನನ್ನ ಮೇಲೆ ಸ್ವಲ್ಪ ಹೆಮ್ಮೆ ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಆಗ ಮೊರ ಕೆಳಗಿಟ್ಟಳು.

“ಬ್ಯಾಡ್ರಿ ಮಾಸ್ತರ. ಅಣ್ಣಿಗೇರಿಯವರು ಬರಲಿಲ್ಲ, ಆ ಮಾತ ಮುಗೀತು. ಈಗ ಕುಂದಗೋಳ ಕಡಿಯಿಂದ ಒಂದ ಮಾತ ಬಂದೈತಿ. ಮತ್ತ ಮೈಕಿನ್ಯಾಗ ನನ್ನ ಹೆಸರು ಬಂತಂದ್ರ, ಚಲೋ ಹೇಳಿದ್ರೋ ಕೆಟ್ಟ ಹೇಳಿದ್ರೋ ಯಾರು ಕೇಳ್ತಾರ್ರಿ? ಆಕಿ ಹೆಸರು ಮತ್ತ ಬಂತು ಅಂತಾರ. ಮೈಕಿನ್ಯಾಗ ಬ್ಯಾಡ, ಕಟ್ಟಿ ಮ್ಯಾಲೂ ಬ್ಯಾಡ. ಎಲ್ಲೂ ನನ್ನ ಹೆಸರು ತಗೀಬ್ಯಾಡ್ರಿ.”

ಆಗಲಿ ಎಂದು ಎದ್ದು ಬಂದೆ. ಕುಂದಗೋಳದ ಮಾತು ಏನಾಯಿತು ಎಂದು ನನಗೆ ಗೊತ್ತಿಲ್ಲ, ಕೇಳುವ ಮುಖ ನನಗಿಲ್ಲ. ಆಕೆ ಈಗಲೂ ಬೇರೆ ಊರಿಗೇ ಕೂಲಿಗೆ ಹೋಗುತ್ತಾಳೆ. ಎದುರಿಗೆ ಸಿಕ್ಕರೆ ಆರಾಮ ಅದೀರಿ ಎಂದು ಕೇಳುತ್ತಾಳೆ. ಅಕ್ಕಾ ಎಂದು ಮೊದಲಿನಂತೆ ಗಟ್ಟಿಯಾಗಿ ಕರೆಯುವುದನ್ನು ನಾನು ಬಿಟ್ಟಿದ್ದೇನೆ. ಇಷ್ಟೆಲ್ಲ ಬರೆದರೂ ಇಲ್ಲಿ ಆಕೆಯ ಹೆಸರಿಲ್ಲ, ಮೊಮ್ಮಗಳದಿಲ್ಲ, ಊರಿನದಿಲ್ಲ. ಇದನ್ನು ಓದಿ ಯಾರಿಗೂ ಆಕೆಯ ಗುರುತು ಹತ್ತಬಾರದೆಂದು ನನ್ನ ಹೆಸರನ್ನೂ ಬರೆದಿಲ್ಲ.