ಮೈಕಿನಲ್ಲಿ ಹೇಳಿದ ಹೆಸರು

ಆ ಸನ್ಮಾನ ಸಭೆಯಲ್ಲಿ ಮೈಕ್ ಹಿಡಿದು ನಾನು ಹೇಳಬೇಕಾಗಿದ್ದದ್ದು ನನ್ನ ಹೆಸರನ್ನು. ಹೇಳಿದ್ದು ನಿಮ್ಮ ಹೆಸರನ್ನು, ಚಂದ್ರಪ್ಪನವರೇ. ಆವೇಶದಲ್ಲಿ ಬಾಯಿ ತಪ್ಪಿತು ಎಂದು ನಾಲ್ಕು ವರ್ಷ ಉಳಿದವರೆದುರು ಹೇಳಿಕೊಂಡು ಬಂದೆ — ಸುಳ್ಳು. ಬೇಕೆಂದೇ ಹೇಳಿದೆ. ಚಂದ್ರಪ್ಪ ಎನ್ನುವುದು ನಿಮ್ಮ ಹೆಸರಲ್ಲ, ಇಲ್ಲಿ ಬದಲಿಸಿದ್ದೇನೆ. ಅವತ್ತು ಅಷ್ಟನ್ನೂ ಮಾಡಲಿಲ್ಲ.

ಜೆ.ಪಿ. ನಗರದ ಒಂದು ಕ್ಲಿನಿಕ್ಕಿನ ಮಹಡಿಯಲ್ಲಿ ಶನಿವಾರ ಮಧ್ಯಾಹ್ನ ಏಳು ಗಂಡಸರು ಸೇರುತ್ತಿದ್ದೆವು. ಚಿಕ್ಕಂದಿನಲ್ಲಿ ದೊಡ್ಡವರ ಕೈಗೆ ಸಿಕ್ಕು ನಲುಗಿದವರು. ಯಾರಿಗೂ ಹೇಳಲಾಗದೆ ಮೀಸೆ ಬಂದು, ಮದುವೆಯಾಗಿ, ತಲೆ ನರೆತವರು. ಕೌನ್ಸೆಲರ್ ಶೈಲಜಾ ಮೇಡಂ ಪ್ರತಿ ವಾರ ಹೇಳುತ್ತಿದ್ದರು: "ಇಲ್ಲಿ ಕೇಳಿದ್ದು ಈ ಮೆಟ್ಲು ಇಳೀಬಾರ್ದು." ನನ್ನ ಸರದಿ ಬಂದಾಗ ನಾನು "ನಮ್ಮಪ್ಪ ತುಂಬಾ ಹೊಡೀತಿದ್ರು" ಎಂದುಬಿಡುತ್ತಿದ್ದೆ. ನಮ್ಮಪ್ಪ ನನ್ನ ಮೇಲೆ ಒಮ್ಮೆಯೂ ಕೈ ಮಾಡಿದವರಲ್ಲ.

ನೀವು ನಾಲ್ಕನೆಯ ವಾರ ಬಾಯಿಬಿಟ್ಟಿರಿ. ಸಾರಕ್ಕಿಯಲ್ಲಿ ಊರವರ ಜಗಳ ಬಿಡಿಸುವ ದೊಡ್ಡ ದನಿಯ ಮನುಷ್ಯ — ಅವತ್ತು ಎದುರಿಗೆ ಕೂತ ನನಗೇ ನಿಮ್ಮ ಮಾತು ಸರಿಯಾಗಿ ಕೇಳಿಸಲಿಲ್ಲ. "ಜಯನಗರದಲ್ಲಿ ಮ್ಯಾತ್ಸ್ ಟ್ಯೂಷನ್ನು. ಎಲ್ರೂ ಹೋದ್ಮೇಲೆ, 'ನೀನಿರು, ನಿಂದು ಇನ್ನೊಂದ್ಸಲ ನೋಡ್ಬೇಕು' ಅನ್ನೋರು ಮೇಷ್ಟ್ರು."

ಅದೇ ಮಾತು. ಅದೇ ಮನೆ. ನಿಮ್ಮ ನಂತರ ಐದು ವರ್ಷಕ್ಕೆ, ಅದೇ ಕೋಣೆಯಲ್ಲಿ — ನಾನು.

ಆಗಲೇ "ನಂಗೂ" ಎನ್ನಬಹುದಿತ್ತು. ಎನ್ನಲಿಲ್ಲ.

ಆ ಮೇಷ್ಟ್ರು ಇನ್ನೂ ಬದುಕಿದ್ದ. ಬಹುವಚನ ಕೊಡಲು ಇವತ್ತಿಗೂ ಮನಸ್ಸಿಲ್ಲ. ಕತ್ರಿಗುಪ್ಪೆಯ ನನ್ನ ಕನ್ನಡಕದಂಗಡಿಗೆ ಬಂದ ಹಳೆಯ ಸಹಪಾಠಿಯೊಬ್ಬ ಆಮಂತ್ರಣ ಕೊಟ್ಟ: "ಮೇಷ್ಟ್ರಿಗೆ ಎಪ್ಪತ್ತೈದು, ಸಖತ್ತಾಗಿ ಮಾಡ್ತಿದೀವಿ ಮಗಾ." ಮೂರು ವಾರ ನಾನು ಆ ವೇದಿಕೆಗಾಗಿಯೇ ಬದುಕಿದೆ. ಗಿರಾಕಿಗಳ ಕಣ್ಣಿಗೆ ಗಾಜು ಹಿಡಿದು "ಈಗ ಕಾಣ್ಸತ್ತಾ?" ಎನ್ನುವಾಗಲೂ ನನಗೆ ಕಾಣುತ್ತಿದ್ದುದು ಅವನ ಮುಖ.

ಅವತ್ತು ಆತ ಪೇಟ ಸುತ್ತಿಸಿಕೊಂಡು, ಶಾಲು ಹೊದ್ದು, ಒಬ್ಬೊಬ್ಬ ಶಿಷ್ಯನ ಕೆನ್ನೆ ತಟ್ಟುತ್ತಿದ್ದ. ನಾಲ್ಕು ಮಾತಾಡುವವರು ಬನ್ನಿ ಎಂದಾಗ ನಾನು ಎದ್ದೆ. ಗಂಟಲಲ್ಲಿ ನನ್ನ ಮಾತೇ ಇತ್ತು. ಆದರೆ ಮೊದಲ ಸಾಲಿನಲ್ಲಿ ನನ್ನ ಹೆಂಡತಿಯ ಅಣ್ಣ ಕೂತಿದ್ದ, ಅವನೂ ಅಲ್ಲೇ ಓದಿದವನು. ಅವನನ್ನು ನೋಡಿದೆ. ಒಂದು ಕ್ಷಣ ಯೋಚಿಸಿದೆ — ಹೌದು, ಯೋಚಿಸಿಯೇ —

"ಸಾರಕ್ಕಿ ಚಂದ್ರಪ್ಪಂಗೆ ಟ್ಯೂಷನ್ ಮುಗಿದ್ಮೇಲೆ ಏನ್ ಮಾಡಿದ್ರಿ, ಇವ್ರಿಗೆಲ್ಲ ಹೇಳಿ ಮೇಷ್ಟ್ರೇ!"

ಯಾರದೋ ಕೆನ್ನೆಗೆ ಚಾಚಿದ್ದ ಅವನ ಕೈ ಅಲ್ಲೇ ನಿಂತಿತು. ಮುಖದ ರಕ್ತವೆಲ್ಲ ಇಳಿದುಹೋಯಿತು. ಅದನ್ನು ನೋಡಿ ನನಗಾದ ಸುಖವನ್ನು ಮುಚ್ಚಿಡಲಾರೆ. ಅಂಥ ಸುಖ ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ಅದು ಸಾರಕ್ಕಿ ಮುಟ್ಟಿತು. ನಿಮ್ಮ ಬಾಡಿಗೆಯವರು ನಕ್ಕರಂತೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ನಿಮ್ಮ ಹೆಂಡತಿಗೆ ವಿಷಯ ಗೊತ್ತಾಗಿದ್ದು ತರಕಾರಿ ಅಂಗಡಿಯಲ್ಲಿ.

ಎರಡು ದಿನ ಬಿಟ್ಟು ನೀವು ನನ್ನ ಅಂಗಡಿಗೆ ಬಂದಿರಿ. ಹೊಡೆಯುತ್ತೀರಿ ಎಂದುಕೊಂಡೆ. ನೀವು ಕೇಳಿದ್ದು ಇಷ್ಟೇ: "ನಿಮ್ಗೂ ಆಗಿತ್ತಾ ಸಾರ್? ಅದ್ಕೇನಾ?"

ಆಗಿತ್ತು. ಎರಡು ವರ್ಷ. ಆದರೆ ನಾನು "ಇಲ್ಲ" ಎಂದೆ. "ನಿಮ್ಗೆ ನ್ಯಾಯ ಸಿಗ್ಲಿ ಅಂತ ಮಾಡ್ದೆ."

"ನನ್ನ ಒಂದ್ಮಾತು ಕೇಳ್ದೆ?"

ಹೊರಟುಹೋದಿರಿ. ಮತ್ತೆ ಯಾವ ಶನಿವಾರವೂ ಬರಲಿಲ್ಲ. ನಿಮ್ಮ ದನಿ ಸಣ್ಣದಾಗಬಹುದಾಗಿದ್ದ ಒಂದೇ ಜಾಗ ಅದು —

ಆತ ಸುಧಾರಿಸಿಕೊಂಡ. ನಿಮ್ಮ ಬಗ್ಗೆ, ದಡ್ಡ ಹುಡುಗ, ಫೇಲಾದ ಸಿಟ್ಟು, ಎಂದು ಹೇಳಿಕೊಂಡು ತಿರುಗಿದ. ಜನ ನಂಬಿದರು. ಈಗ ಬಿಳೇಕಹಳ್ಳಿಯಲ್ಲಿ ಮಗಳ ಮನೆಯಲ್ಲಿ ಆರಾಮಾಗಿದ್ದಾನೆ.

ಕಳೆದ ತಿಂಗಳು ಮೊದಲು ಹೆಂಡತಿಗೆ ಹೇಳಿದೆ, ಆಮೇಲೆ ಆ ಮಹಡಿಯ ಮೇಲೆ ಹೇಳಿದೆ. ಮೊನ್ನೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೆ. ನಾನೇನೂ ಕರಗಿದವನಲ್ಲ. ಅವನು ಆ ಠಾಣೆಯ ಬೆಂಚಿನ ಮೇಲೆ ಕೂರುವುದನ್ನು ನೋಡಬೇಕು ನನಗೆ. ಮುದುಕ, ಪಾಪ ಎಂದು ಯಾರೇ ಅಂದರೂ ನೋಡಬೇಕು. ಇದರಿಂದ ನಿಮಗೆ ಮಾಡಿದ್ದು ಒಂದಿಷ್ಟೂ ಅಳಿಯುವುದಿಲ್ಲ, ಗೊತ್ತು.

ಇನ್ಸ್‌ಪೆಕ್ಟರ್ ಪೆನ್ನು ಹಿಡಿದು ಕೇಳಿದರು: "ಬೇರೆ ಹುಡುಗ್ರೂ ಇದ್ರಾ? ಹೆಸ್ರು ಹೇಳಿ."

"ಅವ್ರನ್ನ ಕೇಳಿಲ್ಲ ಸಾರ್," ಎಂದೆ. "ನಂದು ಬರ್ಕೊಳ್ಳಿ."